ಯರ್ರಿಸ್ವಾಮಿ ಕಂಡ ಹಿತ್ತಲ ಬಾಗಿಲು

ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಆಸ್ತಿ. ರಾಯದುರ್ಗದ ಬೊಮ್ಮಪ್ಪನಿಗೆ ಬಜಾರಿನಲ್ಲಿ ಕಂಬಳಿ ಅಂಗಡಿ ಇತ್ತು. ಹೋಟೆಲ್ ತಿಪ್ಪೇಶನಿಗೆ ಮಿರ್ಚಿ ಕರಿಯುವ ಕೈ ಇತ್ತು. ರಿಟೈರಾದ ಬಸ್ ಕಂಡಕ್ಟರ್ ಯರ್ರಿಸ್ವಾಮಿಗೆ ಇದ್ದದ್ದು ಒಂದು ಸಿನಿಮಾ. ಅದನ್ನು ಅವನು ತೆಗೆದವನಲ್ಲ, ಅದರಲ್ಲಿ ಕುಣಿದವನಲ್ಲ. ನೋಡಿದ್ದ, ಅಷ್ಟೇ. ಆದರೆ ಊರಲ್ಲಿ ಬೇರೆ ಯಾರೂ ಅದನ್ನು ನೋಡಿರಲಿಲ್ಲವಾದ್ದರಿಂದ ಅದು ಆಸ್ತಿಯ ಲೆಕ್ಕಕ್ಕೇ ಸೇರುತ್ತಿತ್ತು.

ಸಿನಿಮಾದ ಹೆಸರು 'ಪೆರಟಿ ತಲುಪು'. ಹಿತ್ತಲ ಬಾಗಿಲು ಅಂತ ಅರ್ಥ. ತೆಲುಗು ಚಿತ್ರ, ದೊಡ್ಡವರಿಗೆ ಮಾತ್ರ ಎಂಬ ಮುದ್ರೆ ಬೇರೆ. ಯರ್ರಿಸ್ವಾಮಿ ಇನ್ನೂ ಮೀಸೆ ತಿರುವುತ್ತಿದ್ದ ಕಾಲಕ್ಕೆ ಅದರ ಪೋಸ್ಟರು ರಾಯದುರ್ಗಕ್ಕೂ ಬಂದಿತ್ತು. ಅರ್ಧ ತೆರೆದ ಬಾಗಿಲು, ಹೊಸ್ತಿಲ ಮೇಲೆ ಒಂದು ಬರಿಗಾಲು. ಕಾಲಿನ ಮೇಲೆ ಏನೂ ಇರಲಿಲ್ಲ, ಅಂದರೆ ಚಿತ್ರಕಾರ ಅಲ್ಲಿಗೇ ನಿಲ್ಲಿಸಿದ್ದ. ಆ ಒಂದು ಪಾದ ನೋಡಿ ಊರಿನ ಹಿರಿಯರು ಸಭೆ ಸೇರಿದರು. ಪೋಸ್ಟರು ಹರಿಯಿತು, ಸಿನಿಮಾ ಬರಲಿಲ್ಲ. ಹಿರಿಯರಿಗೆ ಒಂದು ಸಂಗತಿ ತಿಳಿಯಲಿಲ್ಲ: ಬಂದ ಸಿನಿಮಾ ವಾರಕ್ಕೆ ಹೋಗುತ್ತದೆ, ಬಾರದ ಸಿನಿಮಾ ತಲೆಯಲ್ಲೇ ಉಳಿಯುತ್ತದೆ.

ಆಗ ಯರ್ರಿಸ್ವಾಮಿಗೆ ಮಡಕಶಿರದ ನೈಟ್ ಹಾಲ್ಟ್ ಬಸ್ಸು. ಸಂಜೆ ಹೋಗಿ ಸೇರುವುದು, ಬೆಳಿಗ್ಗೆ ಹೊರಡುವುದು. ಕೋಟೆ ಗುಡ್ಡದ ಕೆಳಗೆ ಒಂದು ಟೂರಿಂಗ್ ಟಾಕೀಸ್ ಡೇರೆ ಹಾಕಿತ್ತು. ನೆಲದ ಮೇಲೆ ಮರಳು, ಮರಳಿನ ಮೇಲೆ ಜನ, ಜನದ ಮೇಲೆ ಬೀಡಿ ಹೊಗೆ. ಹಿಂದಿನವರಿಗೆ ಕಾಣಲೆಂದು ಮುಂದಿನವರು ಮರಳು ತೋಡಿ ಕೂರಬೇಕು. ಹಿಂದಿನವರು ಅದೇ ಮರಳು ಗುಡ್ಡೆ ಹಾಕಿ ಅದರ ಮೇಲೆ ಕೂರಬೇಕು. ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದಿಗೆ ನಾಯಕಿ ಏನು ಹೇಳಿದಳೆಂದು ಕೇಳುತ್ತಿರಲಿಲ್ಲ. ಆ ಡೇರೆಯಲ್ಲಿ ಯರ್ರಿಸ್ವಾಮಿ 'ಪೆರಟಿ ತಲುಪು' ನೋಡಿದ. ಜೊತೆಗಿದ್ದ ಡ್ರೈವರು ಪೂರ್ತಿ ನಿದ್ದೆ ಹೊಡೆದ. ಹೀಗಾಗಿ ಸಾಕ್ಷಿ ಇಲ್ಲದ ಆಸ್ತಿಯಾಯಿತು ಅದು.

ಅಂದಿನಿಂದ ತಿಪ್ಪೇಶನ ಹೋಟೆಲಿನಲ್ಲಿ (ಮೊದಲು ಅವನಪ್ಪನ ಹೋಟೆಲು) ಆ ಸಿನಿಮಾ ಯರ್ರಿಸ್ವಾಮಿಯ ಬಾಯಲ್ಲಿ ಓಡುತ್ತಲೇ ಇತ್ತು. ಪೂರ್ತಿ ಕಥೆ ಯಾರಿಗೂ ಬೇಕಿರಲಿಲ್ಲ, ಅವನಿಗೂ ನೆನಪಿರಲಿಲ್ಲ. ಬೇಕಾದದ್ದು ಒಂದೇ ಸೀನು.

"ರಾತ್ರಿ. ಬಾಗ್ಲಾ ಮೆಲ್ಲಕ ತೆರೀತೈತಿ," ಎಂದು ಅವನು ದನಿ ಇಳಿಸುತ್ತಿದ್ದ. "ಹೊರಗ ಮಳಿ. ಜಡಿಮಳಿ. ಆ ಮಳ್ಯಾಗ ಆಕಿ. ಸೀರಿ ಮೊಣಕಾಲ ಮಟ ಎತ್ತಿ ಕಟ್ಯಾಳ. ಮಾರಿ ಕಾಣಂಗಿಲ್ಲ. ಬಗ್ಗತಾಳ..."

"ಯಾಕ ಬಗ್ಗತಾಳ?" ಎಂದು ಬೊಮ್ಮಪ್ಪ ತಪ್ಪದೆ ಕೇಳುತ್ತಿದ್ದ. ವ್ಯಾಪಾರಿ. ಕಾರಣವಿಲ್ಲದೆ ಯಾರೂ ಬಗ್ಗುವುದನ್ನು ಅವನು ಕಂಡಿರಲಿಲ್ಲ.

"ಬಗ್ಗತಾಳಪ್ಪ."

"ಮಳ್ಯಾಗ ನಿಂತಾಕಿ ಬಗ್ಗಾದು ಯಾಕಂತ? ಏನರ ಬಿದ್ದಿತ್ತೇನು?"

"ಬೊಮ್ಮಪ್ಪ, ಕಲೆ ಅಂದ್ರ ಹಂಗ. ಕಾರಣ ಕೇಳಬಾರದು. ಬಗ್ಗತಾಳ, ಏಳತಾಳ, ಮತ್ತ ಬಗ್ಗತಾಳ. ಹಿಂದಕ್ಕ ಹಿಂದಕ್ಕ ಬರ್ತಾಳ, ನಮ್ಮ ಕಡೀಗೇ. ಆಮ್ಯಾಲ ಸರಕ್ಕನ ಹೊಳ್ಳಿ ನಗತಾಳ ನೋಡು... ಏನ್ ಹೇಳ್ಲಿ. ಡೇರೆದಾಗ ಒಬ್ಬನೂ ಉಸುರು ಬಿಡಲಿಲ್ಲ."

ಇಲ್ಲಿಗೆ ಹೋಟೆಲಿನಲ್ಲಿಯೂ ಯಾರೂ ಉಸಿರು ಬಿಡುತ್ತಿರಲಿಲ್ಲ. ತಿಪ್ಪೇಶನ ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿದ್ದವು. ಎಷ್ಟೋ ಜನ ಮದುವೆಯಾದರು, ಮಕ್ಕಳಾದವು, ಮೊಮ್ಮಕ್ಕಳಾದವು. ಆ ಮಳೆ ಮಾತ್ರ ನಿಲ್ಲಲಿಲ್ಲ.

ನಿಲ್ಲಿಸಿದ್ದು ತಿಪ್ಪೇಶನ ಮೊಬೈಲು. ಒಂದು ಬೆಳಿಗ್ಗೆ ಅವನು ಅದನ್ನು ಎತ್ತಿ ತೋರಿಸಿದ. ಯಾರೋ ಪುಣ್ಯಾತ್ಮರು ಹಳೆಯ ರೀಲುಗಳನ್ನು ತೊಳೆದು ಬಳಿದು ಹೊಸದು ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಹೊಸ್ತಿಲ ಮೇಲೆ ಅದೇ ಪಾದ. 'ತೆಲುಗಿನ ಶೃಂಗಾರ ಚಿತ್ರಗಳ ಕಿರೀಟ' ಎಂದು ಕೆಳಗೆ ಬರೆದಿತ್ತು.

"ಈಗ ಗೊತ್ತಾಗತೈತಿ," ಎಂದ ಬೊಮ್ಮಪ್ಪ, ಕೈ ಉಜ್ಜಿಕೊಂಡು. "ಇಷ್ಟು ವರ್ಷ ಕಿವೀಲೆ ನೋಡೀವಿ. ಒಮ್ಮೆ ಕಣ್ಣೀಲೆ ನೋಡೋಣು."

"ನೋಡ್ರಿ, ಧಾರಾಳ ನೋಡ್ರಿ," ಎಂದ ಯರ್ರಿಸ್ವಾಮಿ. ಅವನಿಗೆ ಹೆಮ್ಮೆ ಎದೆಯಲ್ಲಿ ಹಿಡಿಸದಾಯಿತು. "ನಮ್ಮ ಮನ್ಯಾಗೇ ಬರ್ರಿ. ನಮ್ಮ ರಘುನಾಥ ಗ್ವಾಡಿ ತುಂಬ ಟಿ.ವಿ. ತಂದಾನ."

ಇದೇ ಅವನು ಮಾಡಿದ ಮೊದಲ ತಪ್ಪು. ಎರಡನೆಯದು ಮನೆಯಲ್ಲಿ ಹೇಳಿದ ಸುಳ್ಳು.

ಅವನು ಎಲ್ಲ ಲೆಕ್ಕ ಹಾಕಿದ್ದ. ಭಾನುವಾರ ಮಧ್ಯಾಹ್ನ ಮಗ ರಘುನಾಥ ಜೀನ್ಸ್ ಬಟ್ಟೆ ತರಲು ಬಳ್ಳಾರಿಗೆ ಹೋಗುತ್ತಾನೆ. ಹೆಂಡತಿ ಮೈಲಾರಮ್ಮ ಪಕ್ಕದ ಮನೆ ಮಂಜಮ್ಮನಲ್ಲಿಗೆ ಶಾವಿಗೆ ಒತ್ತಲು ಹೋಗುತ್ತಾಳೆ. ಸೊಸೆ ಸುನೀತಾ ಟಿ.ವಿ.ಗೆ ಸಿನಿಮಾ ಹಚ್ಚಿಕೊಟ್ಟು ತಾನೂ ಅತ್ತೆಯ ಹಿಂದೆ ಹೋಗುತ್ತಾಳೆ.

"ಎಂಥಾ ಸಿನಿಮಾ ಮಾವ?" ಎಂದು ಸುನೀತಾ ಕೇಳಿದಳು.

"ಹಳೇದವ್ವ. ಸಂಸಾರದ್ದು. ಭಾಳ ಮರ್ಯಾದಿ ಸಿನಿಮಾ."

ಒಳ್ಳೆಯ ಸೊಸೆ. ಮಾವ ಹೇಳಿದ್ದನ್ನು ಹಾಗೆಯೇ ಹೋಗಿ ಮಂಜಮ್ಮನ ಪಡಸಾಲೆಯಲ್ಲಿ ಹೇಳಿದಳು. ಗಂಡಸರು ಗೋಡೆಗೆ ಒರಗಿ, ಪಂಚೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೂರುವಷ್ಟರಲ್ಲಿ ಬಾಗಿಲಲ್ಲಿ ಮಂಜಮ್ಮ ಪ್ರತ್ಯಕ್ಷಳಾದಳು. ಕಂಕುಳಲ್ಲಿ ಶಾವಿಗೆಯ ಹಿಟ್ಟಿನ ಪಾತ್ರೆ. ಹಿಂದೆ ಶಾವಿಗೆ ಮಣೆ ಹೊತ್ತ ಮೈಲಾರಮ್ಮ. ಅವಳ ಹಿಂದೆ ಓಣಿಯ ಅರ್ಧ ಹೆಂಗಸರು.

"ಸರೀರಿ, ಸರೀರಿ," ಎಂದಳು ಮಂಜಮ್ಮ. "ಸಂಸಾರದ ಸಿನಿಮಾ ನೀವು ಗಂಡಸ್ರಷ್ಟೇ ನೋಡಿ ಏನ್ ಉದ್ಧಾರ ಆಗ್ತೀರಿ? ನಾವೂ ನೋಡ್ತೀವಿ. ಕೈ ತನ್ನ ಪಾಡಿಗೆ ಶಾವಿಗಿ ಮಾಡ್ತೈತಿ, ಕಣ್ಣು ತನ್ನ ಪಾಡಿಗೆ ನೋಡ್ತೈತಿ."

ಯರ್ರಿಸ್ವಾಮಿಯ ಮುಖದ ಮೇಲಿನ ನೀರು ಇಳಿಯಿತು. ಬೊಮ್ಮಪ್ಪ ಎದ್ದು ಹೊರಡಲು ನೋಡಿದ. ಆದರೆ ಬಾಗಿಲಲ್ಲೇ ಶಾವಿಗೆ ಮಣೆ ಹೂಡಿದ್ದರು. ದಾಟುವ ಹಾಗಿರಲಿಲ್ಲ.

ಸಿನಿಮಾ ಶುರುವಾಯಿತು. ಒಬ್ಬ ಹೆಂಗಸು ಅಂಗಳ ಗುಡಿಸಿದಳು. ಚೆನ್ನಾಗಿ, ಮೂಲೆ ಮೂಲೆ ಬಿಡದೆ ಗುಡಿಸಿದಳು. ಆಮೇಲೆ ಮೆಣಸಿನಕಾಯಿ ಒಣಗಹಾಕಿದಳು. ಗಂಡ ಊರು ಬಿಟ್ಟು ಹೋಗಿದ್ದಾನೆ, ಬರುವುದಾದರೆ ಹಿತ್ತಲ ಬಾಗಿಲಿಂದ ಬರುತ್ತೇನೆ ಎಂದು ಹೇಳಿ ಹೋಗಿದ್ದಾನೆ. ಸಾಲದವರ ಕಾಟ ಇರಬೇಕು. ಅವಳು ಬಾಗಿಲು ನೋಡುತ್ತಾಳೆ. ಬಾಗಿಲೂ ಅವಳನ್ನು ನೋಡುತ್ತದೆ. ಒಮ್ಮೆ ಬಳೆಗಾರ ಬಂದು ಅವಳ ಕೈಗೆ ಬಳೆ ತೊಡಿಸಿ, ಕೈಯನ್ನು ಬಿಡುವುದಕ್ಕೆ ಸ್ವಲ್ಪ ತಡಮಾಡಿದ. ತಿಪ್ಪೇಶ ಮೊಣಕಾಲ ಮೇಲೆ ಎದ್ದು ಕೂತ.

"ಪಾಪ," ಎಂದಳು ಮಂಜಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. "ಅವನಿಗೂ ಯಾರೂ ಇಲ್ಲಂತ ಕಾಣ್ತೈತಿ."

ಬಳೆಗಾರ ಹೋದ. ತಿಪ್ಪೇಶ ಕೂತ. ಮತ್ತೆ ಮೆಣಸಿನಕಾಯಿ.

ಹೀಗೆ ಅರ್ಧ ಪಾತ್ರೆ ಶಾವಿಗೆ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ರಾತ್ರಿಯಾಯಿತು. ಯರ್ರಿಸ್ವಾಮಿಯ ಎದೆ ಬಸ್ಸಿನ ಹಳೆಯ ಎಂಜಿನ್ನಿನಂತೆ ಹೊಡೆದುಕೊಳ್ಳತೊಡಗಿತು. ಬಾಗಿಲು ಮೆಲ್ಲಗೆ ಅಲುಗಿತು. ಬಂತು. ಆ ಸೀನೇ. ಇನ್ನು ಮಳೆ, ಇನ್ನು ಮೊಣಕಾಲು, ಮುಂದೆ ಮೈಲಾರಮ್ಮ, ಸೊಸೆ, ಓಣಿಯ ಹೆಂಗಸರು.

ಅವನು ಚಂಗನೆ ಎದ್ದು ಹೋಗಿ ಟಿ.ವಿ.ಗೆ ಬೆನ್ನು ಹಚ್ಚಿ ನಿಂತ. ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ.

"ಏನ್ರೀ ಅದು, ಕೋಳಿ ರೆಕ್ಕಿ ಬಿಚ್ಚಿದಂಗ!" ಎಂದು ಮೈಲಾರಮ್ಮ ಕೂಗಿದಳು. "ಸರೀರಿ ಆಕಡಿ! ಗಂಡ ಬಂದ್ನೋ ಏನೋ!"

"ವೈರು... ವೈರು ಸಡ್ಲ ಆಗೈತಿ. ಬೆಂಕಿ ಬೀಳ್ತೈತಿ," ಎಂದು ಅವನು ಪ್ಲಗ್ಗು ಕಿತ್ತೇಬಿಟ್ಟ.

ಸುನೀತಾ ಎದ್ದಳು. ಮಾವನ ಮೇಲೆ ಅವಳಿಗೆ ಗೌರವ, ಆದರೆ ವೈರಿನ ವಿಷಯದಲ್ಲಿ ನಂಬಿಕೆ ಇರಲಿಲ್ಲ. "ಸರಿ ಐತಿ ಮಾವ. ನೀವು ಕುಂದರ್ರಿ. ತಪ್ಪಿಹೋದದ್ದು ಬ್ಯಾಡ, ಹಿಂದಕ್ಕ ಹೋಗಿ ಮೊದಲಿಂದ ಹಾಕ್ತೀನಿ."

ಹೀಗಾಗಿ ಆ ಬಾಗಿಲು ಇನ್ನೊಮ್ಮೆ, ಮತ್ತಷ್ಟು ಮೆಲ್ಲಗೆ ತೆರೆಯಿತು. ಯರ್ರಿಸ್ವಾಮಿ ಕಣ್ಣು ಮುಚ್ಚಿದ. ಬೊಮ್ಮಪ್ಪ ಕಣ್ಣು ಬಿಟ್ಟ. ಬಾಗಿಲ ಹೊರಗೆ ಒಂದು ಕರು ನಿಂತಿತ್ತು. ಹಗ್ಗ ಕಿತ್ತುಕೊಂಡು ಬಂದದ್ದು. "ಅಂಬಾ" ಎಂದಿತು. ಹೆಂಗಸು ಅದನ್ನು ಒಳಗೆ ಕರೆದು, ಕಟ್ಟಿ, ಬಾಗಿಲು ಹಾಕಿಕೊಂಡು ಅತ್ತಳು. ಮಳೆ ಇಲ್ಲ. ಮೊಣಕಾಲಿಲ್ಲ. ಬಗ್ಗಿದ್ದು ಕರು ಕಟ್ಟಲು, ಅದೂ ಮೈತುಂಬ ಸೆರಗು ಹೊದ್ದು.

ಮುಂದೆ ಸಿನಿಮಾ ಮುಗಿಯುವ ತನಕ ಬಂದದ್ದು ಅಳು ಮಾತ್ರ. ಗಂಡ ಬರಲಿಲ್ಲ. ಕೊನೆಗೆ ಅವಳು ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ತಲೆಬಾಗಿಲು ತೆರೆದಳು. ಮಂಜಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಶಾವಿಗೆಗೆ ಉಪ್ಪು ಹಾಕುವ ಅಗತ್ಯ ಬೀಳಲಿಲ್ಲ.

"ಯಪ್ಪಾ ಯರ್ರಿಸ್ವಾಮಣ್ಣ," ಎಂದು ಅವಳು ಮೂಗು ಒರೆಸಿಕೊಂಡಳು, "ಹೆಂಗಸಿನ ಸಂಕಟ ತಿಳಿದಾವನೇ ಇದನ್ನ ತೆಗೆದಾನ. ನಿನಗೂ ತಿಳೀತೈತಿ, ಅದಕ್ಕ ಅಷ್ಟು ವರ್ಷದಿಂದ ನೆನಪಿಟ್ಟೀ. ಮೈಲಾರಿ, ನೀ ಪುಣ್ಯ ಮಾಡೀ ನೋಡು."

ಆ ಸಂಜೆ ಮೈಲಾರಮ್ಮ ಗಂಡನಿಗೆ ಮೊದಲು ಬಡಿಸಿದಳು, ತುಪ್ಪವನ್ನು ಕೈ ಬಿಚ್ಚಿ ಹಾಕಿದಳು. ವಾರದೊಳಗೆ ಓಣಿಯಲ್ಲೆಲ್ಲ ಯರ್ರಿಸ್ವಾಮಿ ಹೆಂಗರುಳಿನ ಮನುಷ್ಯನೆಂದು ಹೆಸರಾಯಿತು. ಹೆಂಡಂದಿರು ತಮ್ಮ ತಮ್ಮ ಗಂಡಂದಿರಿಗೆ "ಆ ಕಂಡಕ್ಟರಣ್ಣನ್ನ ನೋಡಿ ಕಲೀರಿ" ಎನ್ನತೊಡಗಿದರು.

ಗಂಡಂದಿರು ಹೋಟೆಲಿಗೆ ಬಂದು ಸೇಡು ತೀರಿಸಿಕೊಂಡರು.

"ಬರ್ರಿ ಕಂಡಕ್ಟರೇ, ಕರಾ ಬಂತೇನ್ರಿ?" ಎಂದು ತಿಪ್ಪೇಶ ಚಹಾ ಇಡುತ್ತಿದ್ದ. ಯರ್ರಿಸ್ವಾಮಿ ಬೆಂಚಿನ ಮೇಲೆ ಕೂತರೆ ಯಾವುದೋ ಮೂಲೆಯಿಂದ "ಅಂಬಾ" ಎಂದು ಕೇಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವನ ಕೈಕೆಳಗೆ ಕೆಲಸ ಕಲಿತ ಹನುಮೇಶನೆಂಬ ಕಂಡಕ್ಟರು ಕೂಡ ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಅಂಬಾ" ಎಂದು ರೈಟ್ ಕೊಟ್ಟ.

ಬೊಮ್ಮಪ್ಪ ಮಾತ್ರ ಕರುವಿನ ದನಿ ಮಾಡಲಿಲ್ಲ. ಅವನು ಅದಕ್ಕಿಂತ ಕೆಟ್ಟದ್ದು ಮಾಡಿದ. ಸಾವಕಾಶವಾಗಿ ಹೇಳಿದ: "ಯರ್ರಿಸ್ವಾಮಿ, ನೀ ಆ ಸಿನಿಮಾ ನೋಡೇ ಇಲ್ಲ. ಇರ್ಲಿ ಬಿಡು. ಆದರ ಇಷ್ಟು ವರ್ಷ ನಮಗೆಲ್ಲ ಸುಳ್ಳು ಹೇಳಿದೆಲ್ಲ, ಅದು ಸರಿ ಆಗಲಿಲ್ಲ."

ಇದು ಯರ್ರಿಸ್ವಾಮಿಗೆ ನಾಟಿತು. ಬಸ್ಸಿನಲ್ಲಿ ಜೀವಮಾನ ಕಳೆದವನು ಅವನು. ಒಬ್ಬ ಪ್ರಯಾಣಿಕನಿಗೂ ಇಲ್ಲದ ಊರಿಗೆ ಟಿಕೆಟ್ಟು ಕೊಟ್ಟವನಲ್ಲ. ಆ ಮಳೆ ಅವನು ಕಂಡಿದ್ದ. ಆ ನಗು ಕಂಡಿದ್ದ. ಈಗ ಊರು ಇಲ್ಲ ಎನ್ನುತ್ತದೆ, ಟಿ.ವಿ.ಯೂ ಇಲ್ಲ ಎನ್ನುತ್ತದೆ. ರಾತ್ರಿ ಮಲಗಿದರೆ ತನಗೇ ಅನುಮಾನ. ಮಳೆ ಸುರಿಯುತ್ತದೆ, ಅವಳು ಬಗ್ಗುತ್ತಾಳೆ, ಹೊಳ್ಳಿ ನೋಡಿದರೆ ಕರು.

ಕೊನೆಗೆ ಅವನು ಎದ್ದು ನಿಂತು ಹೇಳಿದ: "ಆ ಡೇರೆ ಟಾಕೀಸಿನ ಆಪರೇಟರ್ ಕದರಪ್ಪ ಇನ್ನಾ ಬದುಕ್ಯಾನ. ಮಡಕಶಿರದಾಗ ರೇಷ್ಮಿ ಹುಳ ಮೇಯ್ಸತಾನಂತ. ಅವನೇ ರೀಲು ಓಡ್ಸಿದಾವ. ಕೇಳೋಣ ನಡಿ."

"ನಾನೂ ಬರ್ತೀನಿ," ಎಂದ ಬೊಮ್ಮಪ್ಪ. "ಇಲ್ಲಾಂದ್ರ ನೀ ಮೊದಲ ಹೋಗಿ ಅವನಿಗೆ ಪಾಠ ಹೇಳಿಕೊಡ್ತೀ. ಅವ ಹೂಂ ಅಂದ್ರ ಇದೇ ಹೋಟೆಲ್ದಾಗ ಎಲ್ಲಾರ ಮುಂದ ನಿಂತು ಹೇಳ್ತೀನಿ, ಯರ್ರಿಸ್ವಾಮಿ ಮಾತು ಖರೆ ಅಂತ. ಅವ ಇಲ್ಲ ಅಂದ್ರ ನೀ ಆ ಸಿನಿಮಾದ ಸುದ್ದಿ ಎತ್ತಬಾರದು, ಸಾಯೋ ಮಟ."

ಒಪ್ಪಂದವಾಯಿತು. ಆದರೆ ಹೊರಡುವ ದಿನ ಬೆಳಿಗ್ಗೆ ಮೈಲಾರಮ್ಮ ಹೊಸ ಸೀರೆ ಉಟ್ಟು ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀ ಎಲ್ಲಿಗೆ?"

"ನಿಮ್ಮ ಜೋಡಿ. ಅಂಥಾ ಸಿನಿಮಾ ತೋರ್ಸಿದ ಪುಣ್ಯಾತ್ಮನ್ನ ನಾನೂ ನೋಡಬೇಕು. ಹೆಂಗೂ ನನಗ ಬಸ್ಸು ಫ್ರೀ ಐತಿ. ನಿಮಗ ಟಿಕೀಟು."

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರ ಮುಟ್ಟುವ ತನಕ ಯರ್ರಿಸ್ವಾಮಿ ಒಂದೇ ಲೆಕ್ಕ ಹಾಕುತ್ತ ಕೂತ. ಕದರಪ್ಪ ಆ ಸೀನು ಇತ್ತು ಎಂದರೆ ಬೊಮ್ಮಪ್ಪನ ಮುಂದೆ ಮಾನ ಉಳಿಯುತ್ತದೆ, ಹೆಂಡತಿಯ ಮುಂದೆ ಹೋಗುತ್ತದೆ. ಇರಲಿಲ್ಲ ಎಂದರೆ ಹೆಂಡತಿಯ ಮುಂದೆ ಉಳಿಯುತ್ತದೆ, ಊರ ಮುಂದೆ ಹೋಗುತ್ತದೆ. ಎರಡೂ ಕಡೆ ಇಳಿಯುವವರಿರುವ ಬಸ್ಸಿಗೆ ಒಂದೇ ಬಾಗಿಲಿದ್ದಂತೆ ಆಗಿತ್ತು ಅವನ ಪಾಡು. ಕೊನೆಗೆ ಒಂದು ಉಪಾಯ ಹೊಳೆಯಿತು: ಹೆಂಡತಿಯನ್ನು ಅಡುಗೆಮನೆಗೆ ಕಳಿಸಿ, ಕದರಪ್ಪನ ಹತ್ತಿರ ಪಿಸುಮಾತಿನಲ್ಲಿ ಕೇಳುವುದು.

ಉಪಾಯ ಚೆನ್ನಾಗಿತ್ತು. ಆದರೆ ಕದರಪ್ಪನಿಗೆ ಕಿವಿ ಹೋಗಿತ್ತು. ಡೇರೆಯ ಜನರೇಟರ್ ಪಕ್ಕದಲ್ಲಿ ಕೂತು ಕೂತು ಎರಡೂ ಕಿವಿ ಮಂದವಾಗಿ, ತನ್ನಂತೆ ಜಗತ್ತಿಗೂ ಕೇಳುವುದಿಲ್ಲವೆಂದು ನಂಬಿ ಅವನು ಕೂಗಿಯೇ ಮಾತಾಡುತ್ತಿದ್ದ. ಹುಳುಮನೆಯ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದವನು ಇವರನ್ನು ಕಂಡು ಬುಟ್ಟಿ ಕೆಳಗಿಟ್ಟು ಓಡಿ ಬಂದ.

"ಅಯ್ಯೋ, ನೈಟ್ ಹಾಲ್ಟ್ ಕಂಡಕ್ಟ್ರು! ಬನ್ನಿ ಬನ್ನಿ ಕಣಣ್ಣ! ಲೇ ತಿಪ್ಪಮ್ಮ, ಯಾರು ಬಂದವ್ರೆ ನೋಡು! ನಮ್ಮ ಡೇರೆಗೆ ಟೈಮಿಗೆ ಸರಿಯಾಗಿ ಬತ್ತಾ ಇದ್ದೋರು ಇವರೊಬ್ಬರೇ!"

ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಹಿಡಿದಂತೆ ಇತ್ತು. ಡೇರೆ ಇದ್ದ ಜಾಗದಲ್ಲಿ ಈಗ ಮದುವೆ ಮಂಟಪ ಎದ್ದಿದೆ, ಮರಳು ತಂದು ಸುರಿಯುತ್ತಿದ್ದ ಗಾಡಿಯವನು ಹೋದ, ಟಿಕೆಟ್ ಹರಿಯುತ್ತಿದ್ದವನು ಹೋದ, ಟಾಕೀಸಿನ ಓನರು ಹೋದ. ಉಳಿದವನು ತಾನೊಬ್ಬ ಎಂದು ಕದರಪ್ಪ ನಗುನಗುತ್ತಲೇ ಕೂಗಿ ಹೇಳಿದ.

ಕದರಪ್ಪನ ಹೆಂಡತಿ ತಿಪ್ಪಮ್ಮ ಮೈಲಾರಮ್ಮನನ್ನು ಒಳಗೆ ಕರೆದೊಯ್ದಳು. ಯರ್ರಿಸ್ವಾಮಿ ಕದರಪ್ಪನ ಕಿವಿಗೆ ಬಾಯಿಟ್ಟು ಕೇಳಿದ. ಕದರಪ್ಪ ಬೆಟ್ಟದ ಕೋಟೆಗೂ ಕೇಳುವಂತೆ ಉತ್ತರ ಕೊಟ್ಟ.

"ಪೆರಟಿ ತಲುಪಾ! ಮಳೇಲಿ ಹೆಂಗಸು ಬಗ್ಗಾದಾ! ಇತ್ತು ಕಣಣ್ಣ! ಯಾಕಿರಲಿಲ್ಲ, ನಾನೇ ಹಾಕಿದ್ದು!"

ಒಳಗೆ ಪಾತ್ರೆಯ ಸದ್ದು ನಿಂತಿತು.

"ಮೊದಲನೇ ದಿನ ಹಂಗೇ ಓಡಿಸ್ದೆ. ಪೋಸ್ಟರ್ ನೋಡಿ ಸುತ್ತ ಹಳ್ಳಿ ಜನ ಎಲ್ಲ ಬಂದಿದ್ರು. ಪಿಚ್ಚರು ನೋಡಿದ್ರೆ ಬರೀ ಅಳಾದು! ಬಾಗಿಲು ತೆಗೆದ್ರೆ ಕರ! ನೆಲದೋರೆಲ್ಲ ಎದ್ದು ತಡಿಕೆ ಕಿತ್ತಾಕಿದ್ರು. ಓನರು ಬಂದು 'ಕದರಪ್ಪ, ಏನಾರ ಮಾಡ್ಲಾ, ಇಲ್ದಿದ್ರೆ ನಾಳೆ ಡೇರೆ ಇರಾಕಿಲ್ಲ' ಅಂದ. ನಂತಾವ ಏನಿತ್ತು? ಪಿಚ್ಚರಿಗೆ ಮುಂಚೆ ಹಾಕ್ತಿದ್ವಲ್ಲ, ಗವರ್ಮೆಂಟ್ ರೀಲು, ಅದೊಂದು ಡಬ್ಬಿ ಇತ್ತು. ಕಾಲುವೆ ನೀರು, ಭತ್ತದ ಬೇಸಾಯ. ಅದರಾಗೆ ಹೆಂಗಸರು ಮಳೇಲಿ ನಾಟಿ ಹಾಕೋದು ಇತ್ತು. ಕರ ಬರೋ ತಾವ ಕತ್ತರಿಸಿ ಅದನ್ನ ಅಂಟಿಸ್ದೆ. ಯೂರಿಯಾ ಹಾಕಿ ಅಂತ ಒಬ್ಬ ಮಾತಾಡ್ತಿದ್ದ, ಅವನ ಬಾಯಿ ಮುಚ್ಚಿ ಗ್ರಾಮಫೋನು ಹಾಕ್ದೆ. ಬೆಳಕು ಒಸಿ ಕಮ್ಮಿ ಮಾಡ್ದೆ. ಅಷ್ಟೇ ಕಣಣ್ಣ! ಬೇರೆಲ್ಲ ಊರಲ್ಲಿ ಬಿದ್ದೋದ ಪಿಚ್ಚರು ನಮ್ಮೂರಲ್ಲಿ ತಿಂಗಳು ಓಡ್ತು!"

ಬೊಮ್ಮಪ್ಪನ ಬಾಯಿ ತೆರೆದೇ ಇತ್ತು. ಜೀವಮಾನದ ಪ್ರಶ್ನೆ ಅದರಿಂದ ತಾನಾಗಿ ಹೊರಬಂತು. "ಹಂಗಾರ... ಆಕಿ ಬಗ್ಗಿದ್ದು..."

"ಬಗ್ಗದಲೆ ನಾಟಿ ಹೆಂಗೆ ಹಾಕ್ತಾರೆ ಸ್ವಾಮಿ? ನಿಂತ್ಕೊಂಡು ಹಾಕಾಕೆ ಬತ್ತದಾ?"

"ಹಿಂದಕ್ಕ ಹಿಂದಕ್ಕ ಬಂದಿದ್ದು..."

"ಮುಂದಕ್ಕೋದ್ರೆ ಹಾಕಿದ ಪೈರು ತುಳಿಯಲ್ವ!"

ಯರ್ರಿಸ್ವಾಮಿ ಗೋಡೆಗೆ ಒರಗಿದ. ಯೌವನವೆಲ್ಲ ಅವನು ಕನಸು ಕಂಡದ್ದು ಕೃಷಿ ಇಲಾಖೆಯನ್ನು. ಊರಿನ ಒಂದು ತಲೆಮಾರಿನ ಗಂಡಸರು ಬಿಸಿ ಉಸಿರು ಬಿಟ್ಟದ್ದು ಭತ್ತದ ನಾಟಿಗೆ. ಗೆದ್ದೆ ಎನ್ನಬೇಕೋ ಸೋತೆ ಎನ್ನಬೇಕೋ ತಿಳಿಯದೆ ಅವನು ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಮೈಲಾರಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡ ಮುಖ.

ಆದರೆ ಅವಳು ಗಂಡನ ಕಡೆ ನೋಡಲೇ ಇಲ್ಲ. ಸೀದಾ ಕದರಪ್ಪನ ಮುಂದೆ ಬಂದು, ತಾನೂ ಕೂಗಿ ಕೇಳಿದಳು: "ಯಣ್ಣಾ, ಆ ಗದ್ದಿ ಹಿಂದ ಒಂದು ಜೀಪು ನಿಂತಿತ್ತೇನು?"

"ಇತ್ತಮ್ಮ! ಅದೊಂದನ್ನ ಕತ್ತರಿಸಾಕೆ ಆಗಲಿಲ್ಲ ನೋಡು! ನಿಂಗೆಂಗೆ ಗೊತ್ತು?"

"ಅದು ಮಳಿ ಅಲ್ಲ," ಎಂದಳು ಮೈಲಾರಮ್ಮ. "ಪಂಪಿನ ನೀರು. ಬೊಮ್ಮನಹಾಳ್ ನಮ್ಮ ತವರು. ಕಾಲುವಿ ಗದ್ದಿಗೆ ಕೂಲಿ ಹೋಗ್ತಿದ್ವಿ. ಸರ್ಕಾರದೋರು ಜೀಪಿನಾಗ ಕ್ಯಾಮ್ರಾ ತಂದಿದ್ರು. ಮಳಿ ಬೇಕು ಅಂದ್ರು, ಬರಲಿಲ್ಲ. ಪೈಪು ಹಿಡಿದು ಮ್ಯಾಲೆ ನೀರು ಹೊಡದ್ರು. ಒಂದೇ ಮಡಿಯಾಗ ಹಾಕಿದ್ದು ಕಿತ್ತು ಮತ್ತ ಹಾಕ್ಸಿದ್ರು. ಕ್ಯಾಮ್ರಾ ಕಡಿಗೆ ಯಾರೂ ಹೊಳ್ಳಿ ನೋಡಬ್ಯಾಡ್ರಿ ಅಂದಿದ್ರು. ಅಷ್ಟ್ರಾಗ ಅವರ ಸಾಹೇಬ ಬೂಟು ಜಾರಿ ಕೆಸರಾಗ ಬಿದ್ದ. ಧಪ್ ಅಂತ ಸದ್ದಾತು. ಹೊಳ್ಳಿ ನೋಡಿ ನಕ್ಕುಬಿಟ್ವಿ."

"ಯಾರು... ಯಾರು ನಕ್ಕಿದ್ದು?" ಎಂದ ಯರ್ರಿಸ್ವಾಮಿ.

"ಎಲ್ಲಾರೂ. ಒಂದು ಸಾಲು ಹೆಂಗಸ್ರು ಇದ್ವಿ. ಕ್ಯಾಮ್ರಾ ಯಾರ ಬೆನ್ನಿಗಿತ್ತೋ ಯಾವಾಕಿಗ್ಗೊತ್ತು." ಈಗ ಅವಳು ಗಂಡನ ಕಡೆ ತಿರುಗಿದಳು. "ನೋಡಿದೋರು ನೀವು. ನೀವೇ ಹೇಳಬೇಕು."

ಬೊಮ್ಮಪ್ಪ ಬೆವರತೊಡಗಿದ. ಯರ್ರಿಸ್ವಾಮಿಯ ಹೆಂಡತಿಯನ್ನು ಅವನು ಅತ್ತಿಗೆಮ್ಮ ಎಂದು ಕರೆಯುವವನು, ಹಬ್ಬಕ್ಕೆ ಅವಳ ಕೈಯ ಹೋಳಿಗೆ ಉಂಡವನು. ಅತ್ತಿಗೆಮ್ಮ ತಾಯಿ ಸಮಾನ ಎಂದು ಎಷ್ಟೋ ಸಲ ಹೇಳಿದವನು. ಇನ್ನೆಷ್ಟೋ ಸಲ ಹೋಟೆಲಿನಲ್ಲಿ "ಇನ್ನೊಮ್ಮೆ ಹೇಳಪಾ, ಆ ಮೊಣಕಾಲಿಂದು" ಎಂದವನೂ ಅವನೇ. ಅವನು ಎದ್ದು ಹೋಗಿ, ಯಾರೂ ಹೇಳದಿದ್ದರೂ, ಹುಳುಗಳಿಗೆ ಸೊಪ್ಪು ಹಾಕತೊಡಗಿದ.

ಮರಳುವ ಬಸ್ಸಿನಲ್ಲಿ ಬೊಮ್ಮಪ್ಪ ಡ್ರೈವರಿನ ಬೆನ್ನ ಹಿಂದಿನ ಸೀಟಿಗೆ ಹೋಗಿ ಕೂತ. ಗಂಡ ಹೆಂಡತಿ ಹಿಂದೆ. ಶೇಂಗಾ ಹೊಲಗಳು ಹಾಯ್ದುಹೋದವು, ಕುರಿಮಂದೆ ಅಡ್ಡ ಬಂದು ಬಸ್ಸು ನಿಂತಿತು, ಮತ್ತೆ ಹೊರಟಿತು. ಯರ್ರಿಸ್ವಾಮಿಗೆ ಮೈಲಾರಮ್ಮನ ಮೌನಕ್ಕಿಂತ "ಅಂಬಾ" ಎನ್ನುವುದೇ ಮೇಲೆನಿಸಿತು. ಒಂದು ವಾರ ಬಿದ್ದ ತುಪ್ಪದ ರುಚಿ ನಾಲಿಗೆಯ ಮೇಲಿಂದ ಹೊರಟು ಹೋಗುತ್ತಿತ್ತು.

ಕಲ್ಯಾಣದುರ್ಗ ದಾಟಿದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ಒಂದು ಮಾತು ಕೇಳ್ತೀನಿ. ಖರೆ ಹೇಳ್ರಿ. ಹೋಟೆಲ್ದಾಗ ಕುಂತು ಊರಿಗೆಲ್ಲ ಹೇಳ್ತಿದ್ರಂತಲ್ಲ. ಆ ನಕ್ಕಾಕಿ ಭಾಳ ಚೆಂದಿದ್ದಳೇನು?"

ಯರ್ರಿಸ್ವಾಮಿ ಬೆಚ್ಚಿದ. ಹೌದು ಎಂದರೆ, ಅದು ಸಾಲಿನಲ್ಲಿದ್ದ ಬೇರೆ ಯಾವಳೋ ಆಗಿದ್ದರೆ? ಇಲ್ಲ ಎಂದರೆ, ಅದು ಇವಳೇ ಆಗಿದ್ದರೆ? ತುಂಬಿದ ಬಸ್ಸಿನಲ್ಲಿ ಎಷ್ಟೋ ಜಗಳ ಬಗೆಹರಿಸಿದ ಹಳೆಯ ಕಂಡಕ್ಟರು ಗಂಟಲು ಸರಿಮಾಡಿಕೊಂಡ. ಆದರೆ ಹೊರಬಂದದ್ದು ಕಂಡಕ್ಟರಿನ ಜಾಣತನವಲ್ಲ, ನಿಜವೇ.

"ಮಾರಿ ಕಾಣಲಿಲ್ಲ ಮೈಲಾರಿ. ಕದರಪ್ಪ ಬೆಳಕು ಕಡಿಮಿ ಮಾಡಿದ್ದ. ನಕ್ಕಿದ್ದು ಅಷ್ಟೇ ಗೊತ್ತಾತು. ಮಾರಿ ಕಂಡಿದ್ರ ಆವತ್ತೇ ಬೊಮ್ಮನಹಾಳ್ ಬಸ್ಸು ಹತ್ತತಿದ್ದೆ, ಹೆಣ್ಣು ಕೇಳಾಕ. ನಮ್ಮಪ್ಪ ಹುಡುಕೋ ಮಟ ಎರಡು ವರ್ಷ ಸುಮ್ಮನ ದಂಡ ಆತು."

ಮೈಲಾರಮ್ಮ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳಾದ್ದರಿಂದ ಏನು ಮಾಡುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಮಡಿಲಲ್ಲಿದ್ದ ಬುತ್ತಿ ಬಿಚ್ಚಿ, ಉಳಿದಿದ್ದ ರೊಟ್ಟಿಯನ್ನು ಮುರಿದು, ದೊಡ್ಡ ತುಂಡನ್ನು ಅವನ ಕೈಗಿಟ್ಟಳು.

"ತಿನ್ರಿ. ಬೆಳಗಿಂದ ಏನೂ ತಿಂದಿಲ್ಲ," ಎಂದಳು. ಬುತ್ತಿ ಗಂಟು ಕಟ್ಟುತ್ತ ಹೇಳಿದಳು: "ಆ ನೀರು ಭಾಳ ತಣ್ಣಗಿತ್ತು ರೀ. ಎಲ್ಲಾರೂ ನಡಗತಿದ್ವಿ. ಆದರೂ ಅವತ್ತು ನಕ್ಕಂಗ ಆಮ್ಯಾಲ ನಕ್ಕಿಲ್ಲ ನಾವು."

ಮರುದಿನ ತಿಪ್ಪೇಶನ ಹೋಟೆಲು ತುಂಬಿತ್ತು. ಬೆಂಚು ಸಾಲದೆ ಜನ ಹೊರಗೆ ನಿಂತಿದ್ದರು. ಹನುಮೇಶ ಡ್ಯೂಟಿ ಬಿಟ್ಟು ಬಂದಿದ್ದ. ಯರ್ರಿಸ್ವಾಮಿ ಮೂಲೆಯಲ್ಲಿ ಕೂತು ಚಹಾ ಆರಿಸುತ್ತಿದ್ದ. ಕರುವಿನ ದನಿ ತೆಗೆಯಲು ಕೆಲವರು ಗಂಟಲು ಸಿದ್ಧಮಾಡಿಕೊಂಡೇ ಬಂದಿದ್ದರು.

ಬೊಮ್ಮಪ್ಪ ಎದ್ದು ನಿಂತ. ಪೇಟ ತೆಗೆದು ಮತ್ತೆ ಇಟ್ಟುಕೊಂಡ.

"ಯರ್ರಿಸ್ವಾಮಿ ಆ ಸಿನಿಮಾ ನೋಡ್ಯಾನ," ಎಂದ. "ಮಡಕಶಿರದಾಗ ತೋರ್ಸಿದ್ದು ಬ್ಯಾರೇನೇ ಇತ್ತು. ಮಳಿ ಇತ್ತು. ಬಗ್ಗಿದ್ದೂ ಖರೆ, ನಕ್ಕಿದ್ದೂ ಖರೆ. ಅವ ಹೇಳಿದ್ದರಾಗ ಒಂದು ಅಕ್ಷರ ಸುಳ್ಳಿಲ್ಲ. ನಾನೇ ತಪ್ಪು ಮಾತಾಡಿದ್ದೆ."

ಹೋಟೆಲು ಗುಲ್ಲೆದ್ದಿತು. ಸೀಟಿ ಹೊಡೆದರು. ಬೆಂಚು ಬಡಿದರು. ತಿಪ್ಪೇಶ ಬಾಣಲೆ ಬಿಟ್ಟು ಹೊರಗೆ ಬಂದು ಯರ್ರಿಸ್ವಾಮಿಯ ಮುಂದೆ ಬಿಸಿ ಮಿರ್ಚಿ ತಟ್ಟೆ ಇಟ್ಟ.

"ಹಂಗಾರ ಆಕಿ ಯಾರು ಬೊಮ್ಮಪ್ಪಣ್ಣ?" ಎಂದು ಹನುಮೇಶ ಕೂಗಿದ. "ಹೆಸರೇನು? ಯಾವ ಊರಾಕಿ? ಹೇಳ್ರಿ, ಹೇಳ್ರಿ!"

ಎಲ್ಲರೂ ಬೊಮ್ಮಪ್ಪನ ಬಾಯಿ ನೋಡಿದರು. ಬೊಮ್ಮಪ್ಪ ಯರ್ರಿಸ್ವಾಮಿಯನ್ನು ನೋಡಿದ. ಯರ್ರಿಸ್ವಾಮಿ ಮಿರ್ಚಿಯನ್ನು ನೋಡಿದ. ಬೊಮ್ಮಪ್ಪನ ಮುಖ ಅವನ ಅಂಗಡಿಯ ಕೆಂಪು ಅಂಚಿನ ಕಂಬಳಿಯ ಹಾಗೆ ಆಗಿತ್ತು.

"ಅದು ಅವರ ಮನಿ ವಿಷಯ," ಎಂದು ಅವನು ಗಟ್ಟಿಯಾಗಿ ಹೇಳಿ ಕೂತುಬಿಟ್ಟ. "ಯಾರೂ ಕೇಳಬಾರದು."